ಘಟ್ಟದ ಮೇಲಿನ ಜೀಪು

ಮಾಲತಿಗೆ ಆ ವಿಷಯ ಗೊತ್ತಾದದ್ದು ಚೌತಿಗೆ ಮುಂಚೆ, ಬಾಡ ಊರಿನ ತವರುಮನೆಯ ಹಿತ್ತಿಲಲ್ಲಿ, ಅತ್ತಿಗೆ ಹೇಮಾಳ ಜೊತೆ ಕೂತು ಬಂಗಡೆ ಚೊಕ್ಕ ಮಾಡುತ್ತಿದ್ದಾಗ. ಎರಡು ಬೆಕ್ಕುಗಳು ಹತ್ತಿರ ಸುಳಿಯುತ್ತಿದ್ದವು. ಹೇಮಾ ಅವುಗಳನ್ನು ಕಾಲಿನಿಂದ ಅತ್ತ ಸರಿಸುತ್ತ ನಕ್ಕಳು.

"ನಿಮ್ಮ ಜೀಪು ಇಲ್ಲಿದ್ದಾಗ ಕೇರಿಯ ಬೆಕ್ಕೆಲ್ಲ ಅದರ ಅಡಿಗೇ ಮಲಗ್ತಿದ್ವು. ಎಷ್ಟು ತೊಳೆದ್ರೂ ವಾಸನೆ ಹೋಗ್ಲೇ ಇಲ್ಲ ಮಾರಾಯ್ತಿ."

"ಎಂತ ವಾಸನೆ?"

"ಮೀನಿನದ್ದೇ, ಮತ್ತೆಂತದ್ದು. ಅಷ್ಟು ವರ್ಷ ಕಡಲ ದಡದಲ್ಲಿ ಮೀನು ಹೊತ್ತದ್ದಲ್ವಾ. ದೋಣಿ ಬಂದಲ್ಲಿಗೇ, ಉಪ್ಪು ನೀರಿಗೇ ಇಳಿಸ್ತಿದ್ರಂತೆ. ಅಡಿಯ ಚಾಸಿ ಕಬ್ಬಿಣಕ್ಕೆ ಸ್ಕ್ರೂಡ್ರೈವರ್ ಚುಚ್ಚಿದ್ರೆ ಹಪ್ಪಳ ಮುರಿದ ಹಾಗೆ ಪುಡಿಪುಡಿ. ನಿನ್ನ ಅಣ್ಣ ಮೇಲಿಂದ ತಗಡು ವೆಲ್ಡ್ ಮಾಡ್ಸಿ, ಕಪ್ಪು ಬಣ್ಣ ಬಳಿಸಿ..."

ಹೇಮಾ ಅಲ್ಲಿಗೆ ನಿಲ್ಲಿಸಿದಳು. ಮಾಲತಿಯ ಮುಖ ನೋಡಿದಳು. ಕೈಯಲ್ಲಿದ್ದ ಮೀನು ಬುಟ್ಟಿಗೆ ಹಾಕಿ, ಸ್ವರ ತಗ್ಗಿಸಿ ಕೇಳಿದಳು, "ನಿಂಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಮಾಲತಿಗೂ ಗೊತ್ತಿರಲಿಲ್ಲ, ಅವಳ ಗಂಡ ದಿನಕರನಿಗಂತೂ ಇಲ್ಲವೇ ಇಲ್ಲ. ಅಣ್ಣ ನಿತ್ಯಾನಂದ ಹಳೆಯ ಗಾಡಿಗಳ ವ್ಯಾಪಾರ ಮಾಡುವವನು. ಜೀಪು ಕೊಡುವಾಗ ಅವನು ಹೇಳಿದ್ದು ಬೇರೆಯೇ: "ಘಟ್ಟದ ಮೇಲಿನ ಗಾಡಿ ಬಾವ. ಕಡಲಿನ ಗಾಳಿಯೇ ತಾಗಿದ್ದಲ್ಲ. ಚಾಸಿ ನಾನೇ ನಿಂತು ಚೊಕ್ಕ ಮಾಡ್ಸಿದ್ದೇನೆ, ಅದೊಂದನ್ನು ಮುಟ್ಟುವ ಕೆಲಸ ಇಲ್ಲ."

ದಿನಕರ ಅದೊಂದನ್ನು ಮುಟ್ಟಲಿಲ್ಲ.

ದಿನಕರ ಬಸ್ಸಿನ ಡ್ರೈವರು. ಹೊನ್ನಾವರದಿಂದ ಭಟ್ಕಳಕ್ಕೆ, ಭಟ್ಕಳದಿಂದ ಕುಮಟೆಗೆ, ಮತ್ತೆ ಹೊನ್ನಾವರಕ್ಕೆ. ಮದುವೆಯಾದಾಗಿನಿಂದ ಅದೇ ಹೆದ್ದಾರಿ. ಮನೆಗೆ ಬಂದರೆ ಉಣ್ಣುವುದು, ಮಲಗುವುದು. ರಸ್ತೆ ನೋಡಿ ನೋಡಿ ಅವನ ಮಾತೇ ಬತ್ತಿಹೋಗಿದೆ ಎಂದು ಮಾಲತಿ ಅಂದುಕೊಂಡಿದ್ದಳು. ಆ ಜೀಪು ಬಂದ ಮೇಲೆ ಮನೆಯಲ್ಲಿ ಬೇರೊಬ್ಬ ಗಂಡಸು ಬಂದು ಸೇರಿದ ಹಾಗಾಗಿತ್ತು. ರಜೆ ಸಿಕ್ಕಿದರೆ ಸಾಕು, ಮುರ್ಡೇಶ್ವರದ ಆಚೆಗಿನ ರಮಾನಂದನ ಗ್ಯಾರೇಜಿಗೆ ಓಡುತ್ತಿದ್ದ. ಕೈ ಮಸಿಯಾಗಿ ಬಂದು ಒಲೆಯ ಪಕ್ಕದಲ್ಲೇ ಕೂತು, ಗೇರ್ ಬಾಕ್ಸ್ ಬಿಚ್ಚಿದ್ದು, ಮುಂದಿನ ಚಕ್ರಕ್ಕೂ ಎಂಜಿನ್ನಿನ ಶಕ್ತಿ ಹೋಗುವ ಹಾಗೆ ಮಾಡಿದ್ದು, ಎಲ್ಲ ಹೇಳುತ್ತಿದ್ದ. ಅವಳಿಗೆ ಅರ್ಧ ತಿಳಿಯುತ್ತಿರಲಿಲ್ಲ. ಆದರೂ ಒಗ್ಗರಣೆ ಸೌಟು ಹಿಡಿದುಕೊಂಡೇ ಕೇಳುತ್ತಿದ್ದಳು. ಇಷ್ಟು ವರ್ಷ ಇವನು ಈ ಮಾತೆಲ್ಲ ಎಲ್ಲಿ ಇಟ್ಟಿದ್ದ ಎಂದು ಅವಳಿಗೆ ಸೋಜಿಗ.

"ರಸ್ತೆಯೇ ಇಲ್ಲದಲ್ಲಿ ಒಂದ್ಸಲ ಓಡ್ಸಬೇಕು ಮಾಲ್ತಿ" ಎನ್ನುತ್ತಿದ್ದ. "ಸ್ಟಾಪಿಲ್ಲ, ಸೀಟಿಯಿಲ್ಲ. ಕಲ್ಲಿನ ಮೇಲೆ, ಹಳ್ಳದ ಒಳಗೆ."

ರಮಾನಂದ ಶುರುವಿನಲ್ಲೇ ಒಂದು ಮಾತು ಹೇಳಿದ್ದ. ಇಷ್ಟೆಲ್ಲ ಮಾಡುವುದಾದರೆ ಬಾಡಿಯನ್ನು ಪೂರ್ತಿ ಎತ್ತಿ ಕೆಳಗಿಟ್ಟು ಚಾಸಿ ಒಮ್ಮೆ ನೋಡಿಬಿಡುವ ಎಂದು. ದಿನಕರ ಒಪ್ಪಲಿಲ್ಲ. "ಬಾವ ಮಾಡ್ಸಿ ಕೊಟ್ಟದ್ದನ್ನು ಬಿಚ್ಚಿ ಪರೀಕ್ಷೆ ಮಾಡಿದ್ರೆ ಅವ್ರ ಮುಖ ನಾನು ಹೇಗೆ ನೋಡುದು?" ಎಂದಿದ್ದ. ಆ ಮಾತನ್ನು ಅವನು ಮನೆಗೆ ಬಂದು ಹೆಮ್ಮೆಯಿಂದ ಹೇಳಿದಾಗ ಮಾಲತಿಗೂ ಎದೆ ತುಂಬಿತ್ತು. ಮದುವೆಯ ದಿನ ಊಟದ ಪಂಕ್ತಿಯಲ್ಲಿ ದಿನಕರನ ದೊಡ್ಡಪ್ಪ ಅವಳ ಅಣ್ಣನನ್ನು ಎಲ್ಲರೆದುರು ಹಗುರ ಮಾಡಿ ಮಾತಾಡಿದ್ದರು. ಆಗ ಎಲೆ ಬಿಟ್ಟು ಎದ್ದು ಅಣ್ಣನ ಪಕ್ಕ ಹೋಗಿ ಕೂತವನು ಇದೇ ದಿನಕರ. ಅಪ್ಪ ಸತ್ತ ಮೇಲೆ ಅವಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ ಅಣ್ಣ. ಅವತ್ತಿನಿಂದ ಅವರಿಬ್ಬರದು ಬಾವ-ಬಾವ ಎನ್ನುವುದಕ್ಕಿಂತ ಒಂದು ಕೈ ಹೆಚ್ಚಿನ ನಂಟು.

ಬಾಡದಿಂದ ವಾಪಸು ಬರುವ ಬಸ್ಸಿನಲ್ಲಿ ಮಾಲತಿ ಒಂದು ನಿರ್ಧಾರ ಮಾಡಿದಳು. ಸುಮ್ಮನಿರುವುದು. ಪೇಟೆಯಲ್ಲಿ ನಾಲ್ಕು ಸುತ್ತು ಹಾಕುವ ಗಾಡಿ, ಏನಾಗುತ್ತದೆ? ಹೇಳಿದರೆ ಗಂಡನ ಹೊಸ ಮಾತು ನಿಲ್ಲುತ್ತದೆ, ತವರಿನ ಬಾಗಿಲು ಮುಚ್ಚುತ್ತದೆ. ಎರಡನ್ನೂ ಒಂದೇ ಬಾಯಿಯಿಂದ ಕಳೆದುಕೊಳ್ಳಲು ಅವಳಿಂದ ಆಗುವ ಹಾಗಿರಲಿಲ್ಲ.

ಆದರೆ ಜೀಪು ಸುಮ್ಮನಿರಲಿಲ್ಲ. ಅದು ವಾರವಾರಕ್ಕೂ ಬೆಳೆಯತೊಡಗಿತು. ಮೊದಲು ದೊಡ್ಡ ಟೈರು ಬಂದವು, ಹಲ್ಲು ಹಲ್ಲಿನವು. ಆಮೇಲೆ ಟೈರಿಗೆ ಜಾಗ ಸಾಲದು ಎಂದು ಸ್ಪ್ರಿಂಗಿನ ಪಟ್ಟಿ ಹೆಚ್ಚಿಸಿ ಗಾಡಿಯನ್ನೇ ಮೇಲೆತ್ತಿದರು. ಮುಂದೆ ಕಬ್ಬಿಣದ ಬಂಪರು. ಬಂಪರಿನ ಮೇಲೆ ವಿಂಚು, ಅಂದರೆ ಗಾಡಿ ಸಿಕ್ಕಿಹಾಕಿಕೊಂಡರೆ ಮರಕ್ಕೆ ಹಗ್ಗ ಕಟ್ಟಿ ತನ್ನನ್ನು ತಾನೇ ಎಳೆದುಕೊಳ್ಳುವ ಯಂತ್ರ. ದಿನಕರ ಒಂದೊಂದನ್ನೂ ಮೊಬೈಲಿನಲ್ಲಿ ತೋರಿಸುತ್ತಿದ್ದ, "ಎಷ್ಟು ಗಟ್ಟಿ ಅದೆ ನೋಡು" ಎನ್ನುತ್ತಿದ್ದ. ಅವನು ಗಟ್ಟಿ ಎಂದಾಗೆಲ್ಲ ಮಾಲತಿಗೆ ಭಾರ ಎಂದೇ ಕೇಳುತ್ತಿತ್ತು. ಆ ಭಾರವೆಲ್ಲ ಹೋಗಿ ಕೂರುವುದು ಎಲ್ಲಿ? ಕಪ್ಪು ಬಣ್ಣದ ಕೆಳಗಿನ ಆ ಹಪ್ಪಳದ ಮೇಲೆ. ಊಟಕ್ಕೆ ಹಪ್ಪಳ ಕರಿಯುವುದನ್ನೇ ಅವಳು ಬಿಟ್ಟುಬಿಟ್ಟಳು. ಅವನಿಗೆ ಅದು ಗಮನಕ್ಕೇ ಬರಲಿಲ್ಲ.

ಬಳಿಕ ಒಂದು ದಿನ ಮಗಳು ಧನ್ಯಾ ಕಾಲೇಜಿನಿಂದ ಬಂದವಳೇ ಅಪ್ಪನ ಜೊತೆ ಕೂತು ಗುಸುಗುಸು ಮಾಡಿದಳು. ಕುಮಟೆ, ಹೊನ್ನಾವರದ ಏಳೆಂಟು ಜೀಪಿನವರು ಸೇರಿ ಘಟ್ಟದ ಹಳ್ಳದ ದಾರಿಯಲ್ಲಿ ಹೋಗುವವರಿದ್ದರು. ದಿನಕರನಿಗೂ ಕರೆ ಬಂದಿತ್ತು.

"ಅಮ್ಮ, ನಾ ಮುಂದಿನ ಸೀಟಲ್ಲಿ. ವೀಡಿಯೋ ಮಾಡ್ಬೇಕಲ್ಲ."

"ನೀ ಬೇಡ."

"ಯಾಕೆ?"

ಮಾಲತಿ ಆಕಾಶ ನೋಡಿದಳು. "ಬಿಸ್ಲು" ಎಂದಳು. ಅಪ್ಪ-ಮಗಳು ಮುಖ ಮುಖ ನೋಡಿಕೊಂಡು ನಕ್ಕರು.

ಮಾರನೆಯ ದಿನ ಅವಳು ಮತ್ತೆ ಬಾಡಕ್ಕೆ ಹೋದಳು. ಅಣ್ಣ ಅಂಗಳದಲ್ಲಿ ಯಾರದೋ ರಿಕ್ಷಾದ ಹುಡ್ ಬಿಚ್ಚಿಸುತ್ತಿದ್ದ. ತಂಗಿ ಹೇಳದೆ ಕೇಳದೆ ಬಂದದ್ದು ನೋಡಿಯೇ ಅವನಿಗೆ ತಿಳಿದಿರಬೇಕು. ಕೆಲಸದವನನ್ನು ಚಾ ಕುಡಿಯಲು ಕಳಿಸಿದ.

"ಹೇಮಾ ಹೇಳಿದ್ಲಾ?"

"ಯಾರು ಹೇಳಿದ್ರೆಂತ ಅಣ್ಣ. ಹೌದಾ ಅಲ್ವಾ?"

ಅವನು ತಲೆ ತಗ್ಗಿಸಲಿಲ್ಲ, ಸಿಟ್ಟೂ ಮಾಡಲಿಲ್ಲ. ಕೈಯ ಗ್ರೀಸನ್ನು ಹಳೆ ಬನಿಯನ್ನಿನಲ್ಲಿ ಒರೆಸುತ್ತ ನಿಂತ. "ಪೇಟೆಗೆ, ದೇವಸ್ಥಾನಕ್ಕೆ ಓಡಾಡ್ಲಿಕ್ಕೆ ಅಂದ್ಕಂಡಿದ್ದೆ. ಅದಕ್ಕೆ ಎಂತದೂ ಆಗುದಿಲ್ಲ, ಈಗ್ಲೂ ಹೇಳ್ತೆ. ಬಸ್ ಡ್ರೈವರು ಗುಡ್ಡ ಹತ್ಲಿಕ್ಕೆ ಹೊರಡ್ತಾನೆ ಅಂತ ನಂಗೆ ಕನಸು ಬಿದ್ದಿತ್ತಾ?"

"ಈಗ ಹೊರಟಿದ್ದಾರೆ. ನೀನೇ ಒಂದು ಮಾತು ಹೇಳು. ನಿನ್ನ ಬಾಯಲ್ಲೇ ಬಂದ್ರೆ ಅವ್ರು..."

"ಎಂತ ಹೇಳ್ಲಿ? ನಿಂಗೆ ಸುಳ್ಳು ಹೇಳಿ ಕೊಟ್ಟೆ ಅಂತ್ಲಾ?" ಅವನು ಬನಿಯನ್ನನ್ನು ರಿಕ್ಷಾದೊಳಗೆ ಎಸೆದ. "ನನ್ನ ಹತ್ರ ಆಗುದಿಲ್ಲ ಮಾಲ್ತಿ. ಎಲ್ಲರ ಹತ್ರ ಬೈಸ್ಕಳ್ತೆ. ಅವನ ಹತ್ರ ಆಗುದಿಲ್ಲ. ನೀ ಬೇಕಾದ್ರೆ ಹೇಳು. ಹೇಳಿದ ಮೇಲೆ ಅವ ಈ ಅಂಗಳಕ್ಕೆ ಬರುದಿಲ್ಲ, ನಿನ್ನನ್ನೂ ಬರ್ಲಿಕ್ಕೆ ಬಿಡುದಿಲ್ಲ. ಅದನ್ನೂ ಯೋಚ್ನೆ ಮಾಡು."

ಹೇಮಾ ಒಳಗಿಂದ ಚಾ ತಂದಿಟ್ಟಳು. ಮೂವರೂ ನಿಂತೇ ಕುಡಿದರು. ಹೊರಡುವಾಗ ಅಣ್ಣ ಎಂದಿನ ಹಾಗೆ ಒಣಮೀನಿನ ಕಟ್ಟು ಕೈಗಿಟ್ಟ. ಅವಳು ಬೇಡವೆನ್ನಲಿಲ್ಲ. ಅದೇ ಕಡೆಯ ಕಟ್ಟೇನೋ ಎಂದು ಬಸ್ಸಿನುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಳು.

ಹಳ್ಳದ ದಾರಿಗೆ ಹೋಗುವ ಮೊದಲು ಒಂದು ಟ್ರಯಲ್ ಆಗಬೇಕೆಂದು ರಮಾನಂದ ಹಟ ಹಿಡಿದ. ಭಟ್ಕಳದ ಕಡೆ ಒಂದು ಹಳೆಯ ಚಿರೆಕಲ್ಲಿನ ಕ್ವಾರಿ ಇತ್ತು. ಕಲ್ಲು ಕಡಿದು ಬಿಟ್ಟುಹೋದದ್ದು, ಮೆಟ್ಟಿಲು ಮೆಟ್ಟಿಲಾಗಿ ಕೆಂಪು ಗೋಡೆ, ಒಂದು ಕಡೆ ಇಳಿಜಾರು. ಭಾನುವಾರ ಬೆಳಿಗ್ಗೆ ಎಲ್ಲರೂ ಅಲ್ಲಿಗೆ ಹೋದರು. ಮಾಲತಿ ತಾನೂ ಬರುತ್ತೇನೆ ಎಂದಾಗ ದಿನಕರನಿಗೆ ಎಷ್ಟು ಖುಷಿಯಾಯಿತೆಂದರೆ, ಅವಳು ಕೂರುವ ಸೀಟನ್ನು ಟವೆಲಿನಿಂದ ಎರಡೆರಡು ಸಲ ಒರೆಸಿದ.

ಇಳಿಜಾರಿನ ಬುಡದಲ್ಲಿ ಅವಳು ಇಳಿದಳು. ಧನ್ಯಾ ಮೊಬೈಲು ಹಿಡಿದು ಹತ್ತಲು ಕಾಲಿಟ್ಟಳು.

"ಇಳಿ" ಎಂದಳು ಮಾಲತಿ.

"ಅಮ್ಮ, ಮತ್ತೆ ಬಿಸ್ಲಾ?"

"ನಾ ಕೂತ್ಕಳ್ತೆ. ನೀ ಕೆಳಗಿಂದ ವೀಡಿಯೋ ತೆಗಿ, ಚಂದ ಬರ್ತದೆ."

"ಅಬ್ಬಾ, ಅತ್ಗೆಗೂ ಹುಚ್ಚು ಹತ್ತಿತು" ಎಂದು ರಮಾನಂದ ನಕ್ಕ. ಅವಳು ಹತ್ತಿ ಕೂತು ಎದುರಿನ ಸರಳು ಹಿಡಿದುಕೊಂಡಳು. ತಾನೇ ಕೂತರೆ ಹೇಳಬೇಕಾಗಿಲ್ಲ ಎಂದು ಅವಳ ಒಳಗಿನ ಲೆಕ್ಕ. ಆಗುವುದು ಮಗಳಿಗಲ್ಲ, ತನಗೇ ಆಗಲಿ. ಆದರೆ ಪಕ್ಕದಲ್ಲಿ ಅವನೂ ಇದ್ದಾನೆ ಎಂಬುದು ಗಾಡಿ ಹೊರಟ ಮೇಲೆ ಹೊಳೆಯಿತು.

ಜೀಪು ನಿಧಾನವಾಗಿ ಹತ್ತತೊಡಗಿತು. ಎಡಗಡೆಯ ಮುಂಚಕ್ರ ಒಂದು ಕಲ್ಲಿನ ಮೆಟ್ಟಿಲೇರಿತು, ಬಲಗಡೆಯ ಹಿಂಚಕ್ರ ತಗ್ಗಿಗಿಳಿಯಿತು. ಇಡೀ ಗಾಡಿ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿತು. ದಿನಕರ ಹೊರಗೆ ಬಾಗಿ ಚಕ್ರವನ್ನೇ ನೋಡುತ್ತಿದ್ದ. "ಹೇಗೆ ಹತ್ತುತ್ತದೆ ನೋಡು, ಆನೆ ಹಾಗೆ" ಎಂದ. ಅವನ ಮುಖದಲ್ಲಿದ್ದ ಸಂತೋಷ ಅವಳು ಮದುವೆಯ ಫೋಟೋದಲ್ಲೂ ಕಂಡದ್ದಲ್ಲ.

ಅವಳು ನೋಡುತ್ತಿದ್ದದ್ದು ಬಾನೆಟ್ಟನ್ನು. ಬಾನೆಟ್ಟಿಗೂ ಗಾಜಿನ ಚೌಕಟ್ಟಿಗೂ ನಡುವೆ ಒಂದು ಸಂದು ಇತ್ತು, ಬೆರಳು ಹೋಗದಷ್ಟು. ಅದೀಗ ಒಂದು ತುದಿಯಲ್ಲಿ ಅಗಲವಾಗುತ್ತಿತ್ತು. ಮೊದಲು ಭ್ರಮೆ ಎಂದುಕೊಂಡಳು. ಕಾಲಡಿಯಲ್ಲಿ ಕಿರ್ರ್ ಎಂದಿತು, ಕಬ್ಬಿಣದ್ದಲ್ಲದ ಸದ್ದು, ಒದ್ದೆ ಹಲಗೆ ಸೀಳುವಂಥದ್ದು.

"ನಿಲ್ಸಿ."

"ಹೆದ್ರಿಕೆಯಾ? ಇನ್ನೊಂದು ಕಲ್ಲು, ಅಷ್ಟೇ."

"ಧನ್ಯನ ಅಪ್ಪ, ನಿಲ್ಸಿ. ಇದು ಘಟ್ಟದ ಮೇಲಿನ ಜೀಪಲ್ಲ. ಕಡಲಲ್ಲಿ ಮೀನು ಹೊತ್ತದ್ದು. ಚಾಸಿ ಒಳಗೆಲ್ಲ ತುಕ್ಕು, ಮೇಲಿಂದ ತಗಡು ಹಚ್ಚಿದ್ದು. ಅಣ್ಣ ಸುಳ್ಳು ಹೇಳಿದ್ದು."

ಅವನು ಬ್ರೇಕು ಒತ್ತಿದ. ಅವಳ ಕಡೆ ತಿರುಗಲಿಲ್ಲ. ಸದ್ದು ಇನ್ನೊಮ್ಮೆ ಆಯಿತು, ಈಗ ಅವನಿಗೂ ಕೇಳಿಸಿತು. ಅವನ ಕಣ್ಣು ಬಾನೆಟ್ಟಿನ ಸಂದಿಗೆ ಹೋಯಿತು, ಅಲ್ಲೇ ನಿಂತಿತು.

"ಅಲ್ಲಾಡ್ಬೇಡ" ಎಂದ, ಬಸ್ಸಿನಲ್ಲಿ ಪ್ರಯಾಣಿಕರಿಗೆ ಹೇಳುವ ಸ್ವರದಲ್ಲಿ. ರಿವರ್ಸ್ ಹಾಕಿ, ಅಂಗುಲ ಅಂಗುಲವಾಗಿ ಹಿಂದೆ ಬಿಟ್ಟ. ಪ್ರತಿ ಕಲ್ಲಿನಿಂದ ಚಕ್ರ ಇಳಿಯುವಾಗಲೂ ಮಾಲತಿ ಸರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಕೆಳಗೆ ಧನ್ಯಾ, ರಮಾನಂದ ಏನೆಂದು ತಿಳಿಯದೆ ನಿಂತಿದ್ದರು. ಸಮನೆಲಕ್ಕೆ ಬಂದು ಎಂಜಿನ್ ಆರಿಸಿದ ಮೇಲೂ ಅವಳ ಕೈ ಸರಳು ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು.

ದಿನಕರ ಯಾರಿಗೂ ಏನೂ ಹೇಳದೆ ಸ್ಕ್ರೂಡ್ರೈವರ್ ತೆಗೆದುಕೊಂಡು ಜೀಪಿನಡಿಗೆ ತೂರಿದ. ಕೆರೆಯುವ ಸದ್ದು ಬಂತು. ಕಪ್ಪು ಬಣ್ಣದ ಸಿಪ್ಪೆ ಉದುರಿತು. ಆಮೇಲೆ ಸದ್ದೇ ಇಲ್ಲ. ರಮಾನಂದ ಬಾಗಿ ನೋಡಿದ.

"ಹಿಡಿಯವರೆಗೂ ಒಳಗೆ ಹೋತಲ್ಲೋ" ಎಂದ ಮೆಲ್ಲಗೆ. ಸ್ಕ್ರೂಡ್ರೈವರ್ ಹೊರಗೆಳೆದಾಗ ಕೆಂಗಂದು ಪುಡಿ ದಿನಕರನ ಎದೆಯ ಮೇಲೆಲ್ಲ ಸುರಿಯಿತು.

"ಯಾವಾಗಿಂದ ಗೊತ್ತು?" ದಿನಕರನ ಪ್ರಶ್ನೆ ಗಾಡಿಯಡಿಯಿಂದಲೇ ಬಂತು. ಯಾರಿಗೆ ಎಂದು ಹೇಳಬೇಕಾಗಿರಲಿಲ್ಲ.

"ಚೌತಿ ಮುಂಚಿಂದ."

ಧನ್ಯಾ ಅಮ್ಮನ ಮುಖ ನೋಡಿದಳು. ತಾನು ಕೂರಬೇಕೆಂದಿದ್ದ ಸೀಟನ್ನೂ ನೋಡಿದಳು. ಮೊಬೈಲು ಚೀಲಕ್ಕೆ ಹಾಕಿ ಒಂದು ಕಲ್ಲಿನ ಮೇಲೆ ಹೋಗಿ ಕೂತಳು. ದಿನಕರ ಮತ್ತೆ ಏನೂ ಕೇಳಲಿಲ್ಲ. ಬೈದಿದ್ದರೆ ಮಾಲತಿಗೆ ನಿಲ್ಲಲು ಒಂದು ನೆಲ ಸಿಗುತ್ತಿತ್ತು. ಅವಳು ಮೊಬೈಲು ತೆಗೆದು ಅಣ್ಣನಿಗೆ ಫೋನು ಮಾಡಿದಳು. ಒಂದೇ ರಿಂಗಿಗೆ ಎತ್ತಿದ. ಟ್ರಯಲ್ ಇವತ್ತು ಎಂದು ಅವಳೇ ಹಿಂದಿನ ದಿನ ಅವನಿಗೆ ತಿಳಿಸಿದ್ದಳು.

"ಹೇಳಿದೆ ಅಣ್ಣ."

ಆ ಕಡೆ ಏನನ್ನೋ ಕೆಳಗಿಟ್ಟ ಸದ್ದು. ಆಮೇಲೆ, "ಯಾರಿಗೂ ಎಂತ ಆಗ್ಲಿಲ್ಲ ಅಲ್ವಾ?"

"ಇಲ್ಲ."

"ಅವ ಅಲ್ಲೇ ಇದ್ದಾನಾ?"

ಜೀಪಿನಡಿಯಿಂದ ತುಕ್ಕು ಮೆತ್ತಿದ ಕೈಯೊಂದು ಹೊರಗೆ ಬಂತು. ಮಾಲತಿ ಮೊಬೈಲನ್ನು ಅದರಲ್ಲಿಟ್ಟಳು.

"ಮುಂದಿನ ತಗಡು ಎಲ್ಲಿಂದ ಎಲ್ಲಿವರೆಗೆ ಹಾಕ್ಸಿದ್ದೀರಿ, ಅದನ್ನು ಹೇಳಿ" ಎಂದ ದಿನಕರ. "ಹಿಂದೆ? ಬಲಗಡೆ? ಒಳಗಿನ ಅಡ್ಡಪಟ್ಟಿಗೂ ಹಾಕ್ಸಿದ್ದಾ? ಬಿಟ್ಟದ್ದು ಯಾವುದಾದ್ರೂ ಉಂಟಾ?" ಕೇಳುತ್ತ ಕೇಳುತ್ತ ಚಾಸಿಯ ಮೇಲೆ ಸೀಮೆಸುಣ್ಣದಿಂದ ಗೀಟು ಹಾಕುತ್ತಿದ್ದ. ಅಷ್ಟುದ್ದದ ಮಾತಿನಲ್ಲಿ ಒಂದು ಸಲವಾದರೂ ಬಾವ ಎನ್ನುತ್ತಾನೇನೋ ಎಂದು ಅವಳು ಕಾದಳು. "ಉಳಿದದ್ದು ಆಮೇಲೆ" ಎಂದು ಫೋನು ಇಟ್ಟ.

ಉಳಿದದ್ದು ಏನು, ಆಮೇಲೆ ಎಂದರೆ ಯಾವಾಗ, ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ರಮಾನಂದ ಬಾಡಿ ಎತ್ತಿಸಲು ಜನಕ್ಕೆ ಫೋನು ಮಾಡುತ್ತ ಆ ಕಡೆ ಹೋದ.

"ಇಲ್ಲಿ ಕತ್ತಲೆ" ಎಂದ ದಿನಕರ. "ಬೆಳಕು ಹಿಡಿ."

ಮಾಲತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಂಪು ಮಣ್ಣಿನಲ್ಲಿ ಅಂಗಾತ ಮಲಗಿ, ಜರುಗುತ್ತ ಜೀಪಿನಡಿಗೆ ಹೋದಳು. ಅವನ ಪಕ್ಕ ಬಿದ್ದಿದ್ದ ತನ್ನ ಮೊಬೈಲಿನ ಟಾರ್ಚು ಹಾಕಿ ಮೇಲೆ ಹಿಡಿದಳು. ಇಬ್ಬರ ಮುಖದ ಮೇಲೂ ತುಕ್ಕು ಉದುರುತ್ತಿತ್ತು. ಅವನು ಅವಳ ಕಡೆ ನೋಡದೆ ಚುಚ್ಚುತ್ತಲೇ ಇದ್ದ.

"ಕೈ ನಡುಗಿಸ್ಬೇಡ" ಎಂದ.

ಅವಳು ಇನ್ನೊಂದು ಕೈಯಿಂದ ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.