ಮೂಗನ್ನು ಕೈಬಿಟ್ಟ ಓಚ್ಚಮ್ಮಾಳ್

ತಮಿಳು ನಾಡಿನೊಳಗಿನ ನಮ್ಮ ಉತ್ತಮಪಾಳಯದ ಓಚ್ಚಮ್ಮಾಳ್ ಪಾತ್ರೆಗಳನ್ನು ಮೂಗಿನಿಂದ ನೋಡುವವಳು. ಕೊರಳು ಚಾಚಿ, ಹಿಂಡಿನ ಮುಂದಾಳು ಹಸುವಿನ ಹಾಗೆ ತೂಗುತ್ತ ನಡೆದು ಬಂದು ಹಾಲಿನ ಗಡಿಗೆಯನ್ನು ಒಮ್ಮೆ ಮೂಸಿದರೆ ಸಾಕು, ಹಸು ಎಲ್ಲಿ ಮೇಯ್ದಿತ್ತು, ಕರೆದವಳು ಕೈ ತೊಳೆದಿದ್ದಳೋ ಇಲ್ಲವೋ, ಎಲ್ಲ ಹೇಳಿಬಿಡುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತದೆ ಅಕ್ಷರ ಗೆದ್ದವನೆಂದು ಮೀಸೆ ತಿರುವುವ ನಾನೂ ಆ ಮೂಗಿನ ಮುಂದೆ ತಲೆ ತಗ್ಗಿಸಿದವನೇ.

ಪೆರಿಯಾರ್ ಹೊಳೆಗೆ ಅಣೆ ಕಟ್ಟುತ್ತಿದ್ದ ಕಾಲ. ಅವಳ ಮಗಳು ಪಾಪಮ್ಮಾಳ್ ಹೆಣ್ಣುಕೂಸು ಹೆತ್ತು ಕಣ್ಣು ಮುಚ್ಚಿದಳು. ಎದೆಹಾಲು ಕೊಡುವವರು ಸಿಗಲಿಲ್ಲ, ಹಸುವಿನ ಹಾಲು ಒಗ್ಗಲಿಲ್ಲ. ಅಳಿಯ ಅಯ್ಯಾವು ಗಾಡಿ ಕಟ್ಟಿಕೊಂಡು ದಿಂಡಿಗಲ್ಲಿಗೆ ಹೋಗಿ, ರೈಲಿನಲ್ಲಿ ಬಂದಿದ್ದ ಸೀಮೆಯ ಹಾಲುಪುಡಿಯ ಡಬ್ಬಿ ತಂದ.

ನಾವು ತಂಬಿರಾನ್ ಹಿಂಡನ್ನು, ಅಂದರೆ ದೇವರ ದನಗಳನ್ನು, ಕಾಯುವ ಜನ. ಹಾಲು ನೆಲಕ್ಕೆ ಚೆಲ್ಲಿದರೆ ಹಿಂಡಿನ ಕೆಚ್ಚಲು ಬತ್ತುತ್ತದೆಂಬುದು ನಮ್ಮ ಕಟ್ಟಳೆ. ಬೆಳಿಗ್ಗೆ ಕಲಸಿ ಉಳಿದ ಪುಡಿಹಾಲನ್ನು ಓಚ್ಚಮ್ಮಾಳ್ ಮುಚ್ಚಿಟ್ಟಳು. ಇಳಿಹೊತ್ತಿಗೆ ಮೂಸಿದಳು, ಹೂವಿನಂತಿದೆ ಎಂದು ಕುಡಿಸಿದಳು. ಮರುದಿನ ಕೂಸು ನೀರು ನೀರಾಗಿ ಭೇದಿ ಮಾಡಿಕೊಂಡು, ಬಿಸಿಲಿಗೆ ಬಾಡಿದ ಬಾಳೆಸುಳಿಯಂತೆ ಬಿತ್ತು. ನಾವೆಲ್ಲ ಆಸೆ ಬಿಟ್ಟೆವು. ಅವಳೊಬ್ಬಳು ಉಪ್ಪಿನ ಗಂಜಿತಿಳಿಯನ್ನು ತೊಟ್ಟು ತೊಟ್ಟಾಗಿ ಬಾಯಿಗೆ ಬಿಡುತ್ತ ಜೀವವನ್ನು ಹಿಡಿದು ನಿಲ್ಲಿಸಿದಳು.

ಅಂದಿನಿಂದ ನೀರು ಕುದಿಯುತ್ತಿರುವಾಗಲೇ ಪುಡಿಗೆ ಹೊಯ್ದು, ಆರಿಸಿ ಕುಡಿಸಿ, ಮಿಕ್ಕಿದ್ದನ್ನು ಎಲ್ಲರ ಕಣ್ಣೆದುರಿಗೇ ಅಂಗಳಕ್ಕೆ ಚೆಲ್ಲತೊಡಗಿದಳು. ಹಿಂಡಿನ ಹಿರಿಯ ರಂಗಸಾಮಿ ಕೋಲು ಕುಟ್ಟುತ್ತ ಬಂದ.

"ಏ ಓಚ್ಚೀ, ಬುದ್ಧಿ ಮೇಯಾಕ್ ಹೋಯ್ತಾ? ಹಾಲ್ ಚೆಲ್ಲೋದು ಪಾವಂ ಅಲ್ಲವಾ? ಮೂಸಿ ನೋಡು, ಕೆಟ್ಟೇ ಇಲ್ಲ!"

"ಮೂಸಿಯೇ ಕುಡಿಸ್ದೆ ಮಾಮಾ. ಈ ಹಾಳ್ ಮೂಗು ಸುಳ್ಳು ಹೇಳ್ತು."

"ಹಿಂಡಿನ ಕೆಚ್ಚಲು ಬತ್ತಿದ್ರೆ?"

"ತಂಬಿರಾನ್ ಬಂದು ಕೇಳ್ಲಿ, ನಾನು ಉತ್ತರ ಹೇಳ್ತೀನಿ. ಈ ಕೂಸು, ಈ ಕೊಳಂದೆ ಬತ್ತೋದ್ರೆ ಪದಿಲ್ ಹೇಳೋಕೆ ನೀ ಬರ್ತೀಯಾ?"

ರಂಗಸಾಮಿ ಕೋಲನ್ನು ಕಂಕುಳಲ್ಲಿ ಇರುಕಿಕೊಂಡು ಹಿಂಡಿನ ಕಡೆಗೆ ನಡೆದ.

ಕೆಚ್ಚಲು ಬತ್ತಲಿಲ್ಲ. ಆ ಕೂಸು ಈಗ ದೇವರ ಕರುಗಳ ಬಾಲ ಹಿಡಿದು ಓಡುತ್ತದೆ. ಓಚ್ಚಮ್ಮಾಳ್ ಮಾತ್ರ ಇವತ್ತಿಗೂ ಗಡಿಗೆ ಕಂಡರೆ ಕೊರಳು ಚಾಚುತ್ತಾಳೆ; ಏನೋ ನೆನಪಾಗಿ ಹಿಂದೆಗೆಯುತ್ತಾಳೆ, ಒಲೆಯ ಉರಿ ಹೆಚ್ಚಿಸುತ್ತಾಳೆ. ಊರಿನ ಕಟ್ಟಳೆ ಮುರಿಯುವ ಎದೆಗಾರರನ್ನು ನಾನು ಕಂಡಿದ್ದೇನೆ. ಆದರೆ ಊರೇ ಹೊಗಳಿದ ತಮ್ಮ ಬಲ್ಮೆಯನ್ನು ಉಳಿದ ಹಾಲಿನಂತೆ ಅಂಗಳಕ್ಕೆ ಚೆಲ್ಲಬಲ್ಲವರು ತೀರ ಅಪರೂಪ. ಕೂಸುಗಳು ಬದುಕುವುದು ಅಂಥವರ ಮಡಿಲಲ್ಲಿ.