ಮಾವನ ಬೀಗಕ್ಕೆ ಸೊಸೆಯ ಹೊದಿಕೆ

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆ ಮನೆಯ ಮಾವನಿಗೆ ಅಂಥ ಮುದ್ದಿನ ಕೂಸು ಒಂದು ಲೈಬ್ರರಿ. ಪುಸ್ತಕದ್ದಲ್ಲ, ಕಂಪ್ಯೂಟರಿನದು. ಕೊಟ್ಟ ಫೈಲಿಗೆ ಗುಪ್ತ ಬೀಗ ಹಾಕುವುದು, ಕೀಲಿ ಕೊಟ್ಟರೆ ತೆಗೆಯುವುದು, ಇಷ್ಟೇ ಅದರ ಕೆಲಸ. ಇಪ್ಪತ್ತೆರಡು ವರ್ಷದ ಹಿಂದೆ ಬರೆದದ್ದು. ಊರ ಆಸ್ಪತ್ರೆಯ ರೋಗಿಗಳ ಗುಟ್ಟೆಲ್ಲ ಇವತ್ತಿಗೂ ಅದರ ಹೊಟ್ಟೆಯಲ್ಲೇ ಇದೆ. ಆ ಕೋಡಿನ ನೆತ್ತಿಯ ಮೇಲೆ ಮಾವನದೊಂದು ಪಟ್ಟಿ: ಯಾವ ದಿನ, ಯಾರು, ಯಾವ ಸಾಲು ಮುಟ್ಟಿದರು, ಕಾರಣವೇನು. ಮುಟ್ಟಿದವರ ಜಾಗದಲ್ಲಿ ಅಷ್ಟೂ ವರ್ಷ ಒಂದೇ ಹೆಸರು, ಅವರದೇ.

ಈಗ ಡಾಕ್ಟರುಗಳಿಗೆ ಅದು ಫೋನಿನಲ್ಲೂ ಬೇಕಾಯಿತು. ಸೋಮವಾರದೊಳಗೆ ಆಫೀಸಿನ ಕಂಪ್ಯೂಟರು, ಲ್ಯಾಪ್‌ಟಾಪು, ಫೋನು ಮೂರರಲ್ಲೂ ನಡೆದರೆ ಸರಿ, ಇಲ್ಲದಿದ್ದರೆ ಹಳೆಯದನ್ನು ಬಿಸಾಕಿ ಬೇರೆ ತರುತ್ತೇವೆ ಎಂದಿತು ಆಸ್ಪತ್ರೆ. ಕೆಲಸ ಸೊಸೆಯ ಪಾಲಿಗೆ ಬಂತು. ಮೇಲೊಂದು ಹೊದಿಕೆ ಹೊಲಿದು, ಯಾವ ಯಂತ್ರ ಕರೆದರೂ ಅದೇ ಬೀಗ ಓಗೊಡುವಂತೆ ಮಾಡಬೇಕು. ಒಳಗೆ ಮಾತ್ರ ಕೈ ಹಾಕಬೇಡಮ್ಮ ಎಂದಿದ್ದರು ಮಾವ. ಹಾಕುವುದಿಲ್ಲ ಎಂದು ಅವಳೂ ಮಾತು ಕೊಟ್ಟಿದ್ದಳು.

ಹೊದಿಕೆ ಚೆನ್ನಾಗೇ ಕೂತಿತು. ಆದರೆ ಆಫೀಸಿನಲ್ಲಿ ಬೀಗ ಹಾಕಿದ ಫೈಲು ಫೋನಿನಲ್ಲಿ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ತನ್ನದೇ ತಪ್ಪೆಂದು ಹೊದಿಕೆಯನ್ನೆಲ್ಲ ಜಾಲಾಡಿದಳು. ಬುಧವಾರ ಸಿಕ್ಕಿತು, ಅದೂ ಮಾವನ ಸಾಲಿನಲ್ಲಿ. ಫೈಲಿನ ಉದ್ದವನ್ನು ಮೊದಲು ಬರೆದಿಡುವಾಗ, ಎಷ್ಟು ಜಾಗದಲ್ಲಿ ಬರೆಯಬೇಕೆಂಬುದನ್ನು ಅವರು ಯಂತ್ರಕ್ಕೇ ಬಿಟ್ಟಿದ್ದರು. ಆಗ ಇದ್ದದ್ದು ಒಂದೇ ಬಗೆಯ ಯಂತ್ರ. ಈಗ ಆಫೀಸಿನದು ನಾಲ್ಕು ಬೈಟಿನಲ್ಲಿ, ಅಂದರೆ ನಾಲ್ಕು ಮನೆಯಲ್ಲಿ, ಬರೆಯುತ್ತದೆ, ಫೋನು ಎಂಟು ಬೈಟು ಓದಿ ಎಡವುತ್ತದೆ. ಎಲ್ಲ ಕಡೆ ನಾಲ್ಕೇ ಎಂದು ಒಂದು ಪದ ತಿದ್ದಿದರೆ ಮುಗಿಯಿತು.

ತಿದ್ದುವುದು ಹೇಗೆ? ಹೇಳುವುದಾದರೂ ಹೇಗೆ? ಮಾವನೆಂದರೆ ಅವಳಿಗೆ ಹೆದರಿಕೆಯಲ್ಲ, ಪ್ರೀತಿ. ಈ ಕಸುಬಿನ ನಾಲ್ಕಕ್ಷರ ಕಲಿಸಿದ್ದೇ ಅವರು. ಅದಕ್ಕೇ ಹೊದಿಕೆಯೊಳಗೆ ಅರವತ್ತು ಸಾಲಿನ ಊರುಗೋಲೊಂದನ್ನು ಮಾಡಿ, ಬೈಟುಗಳನ್ನು ಅತ್ತಿತ್ತ ಸರಿಸಿ, ಗುಟ್ಟಾಗಿ ನಿಲ್ಲಿಸಿದಳು. ಫೈಲು ತೆರೆಯಿತು. ಎದೆಯ ಭಾರ ಮಾತ್ರ ಇಳಿಯಲಿಲ್ಲ.

ಶನಿವಾರ ತಿಂಡಿ ಆದ ಮೇಲೆ ಮಾವ ಹೊದಿಕೆಯ ಕೋಡನ್ನು ಪ್ರಿಂಟ್ ತೆಗೆದುಕೊಂಡು ಪೆನ್ಸಿಲ್ ಹಿಡಿದು ಕೂತರು. ಅವರು ಓದುವುದೇ ಹಾಗೆ, ಕಾಗದದ ಮೇಲೆ, ಒಂದು ಸಾಲೂ ಬಿಡದೆ. ಸೊಸೆಗೆ ಅದು ಮರೆತೇ ಹೋಗಿತ್ತು. ಹಾಳೆ ಮಗುಚಿದಾಗಲೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗತಿ ಅವಳದಾಯಿತು. ಒಂಬತ್ತನೇ ಹಾಳೆಯಲ್ಲಿ ಪೆನ್ಸಿಲ್ ನಿಂತಿತು.

"ಈ ಊರುಗೋಲು ಯಾರ ಕಾಲಿಗಮ್ಮ?"

ಅವಳು ಮೆಲ್ಲಗೆ ಮಾವನ ಕೋಡಿನ ಆ ಸಾಲಿನ ನಂಬರು ಹೇಳಿದಳು. ಮಾವ ಕನ್ನಡಕ ಒರೆಸಿ, ತಮ್ಮ ಹಳೇ ಸಾಲನ್ನು ತೆರೆದು ಬಹಳ ಹೊತ್ತು ನೋಡಿದರು. ಮುಖ ಸಣ್ಣದಾಯಿತು.

"ಗೊತ್ತಾಗಿ ಎಷ್ಟು ದಿನ ಆಯ್ತು?"

"ಮೂರು ದಿನ, ಮಾವ. ನಿಮಗೆ ಬೇಜಾರಾಗುತ್ತೆ ಅಂತ..."

"ಬೇಜಾರಾಯ್ತು, ನಿಜ. ಊಟದ ಹೊತ್ತಿಗೆ ಸರಿಹೋಗುತ್ತೆ. ನಾಳೆ ಇನ್ನೊಂದು ಯಂತ್ರ ಬಂದ್ರೆ ಅದಕ್ಕೂ ಒಂದು ಊರುಗೋಲು ಮಾಡ್ತೀಯಾ? ನಾನಿಲ್ಲದಾಗ ಇದು ಯಾಕೆ ಅಂತ ಯಾರನ್ನ ಕೇಳ್ತೀಯ?"

ಕೀಬೋರ್ಡನ್ನು ಅವಳ ಕಡೆ ತಳ್ಳಿದರು. ಅವಳು ಆ ಒಂದು ಪದ ತಿದ್ದಿದಳು, ಅರವತ್ತು ಸಾಲು ಅಳಿಸಿದಳು. ಮೂರೂ ಯಂತ್ರಗಳಲ್ಲಿ ಫೈಲು ತೆರೆಯಿತು, ಆಸ್ಪತ್ರೆಯ ಹಳೇ ಫೈಲುಗಳೂ ತೆರೆದವು. ಪಟ್ಟಿಯಲ್ಲೂ ಬರಿ ಎಂದು ಮಾವ ತಾವೇ ಹೇಳಿಕೊಟ್ಟರು. ಮುಟ್ಟಿದವರು: ಸೊಸೆ. ಕಾರಣ: ಮಾವನ ತಪ್ಪು. ಬರೆಯುವಾಗ ಅವಳ ಕಣ್ಣು ಮಂಜಾಯಿತು. ಇಪ್ಪತ್ತೆರಡು ವರ್ಷದಲ್ಲಿ ಆ ಪಟ್ಟಿಗೆ ಎರಡನೆಯವರೊಬ್ಬರು ಬಂದದ್ದು ಅವತ್ತೇ.

"ಇನ್ನೂ ಒಂದು ಸಾಲಿದೆ, ಅದನ್ನೂ ಹಾಕು," ಎಂದರು ಮಾವ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ. "ಮೂರು ದಿನ ತಡ: ಸೊಸೆಯ ತಪ್ಪು."

ಅವಳು ನಗುತ್ತ ಅದನ್ನೂ ಬರೆದಳು.