ಸಣ್ಣ ಕರ್ನಲ್ಲಿನ ತಲೆಹೊರೆ

ಸರ್ವರ್ ಮತ್ತೆ ಬಿತ್ತು. ಬಿದ್ದು, ಏನೂ ಆಗದವರ ಹಾಗೆ ತಾನೇ ಎದ್ದು ಕೂತಿತು. ಬಿದ್ದದ್ದೇಕೆಂದು ತಿಳಿಸಬೇಕಾದ ಡಂಪ್ ಫೋಲ್ಡರ್ ಮಾತ್ರ ಎಂದಿನಂತೆ ಖಾಲಿ.

"ನಿಮ್ಮ ಟೂಲ್ ಇದೆಯಲ್ಲ ಅತ್ತಿಗೆ," ಎಂದಳು ಪಕ್ಕದ ಕುರ್ಚಿಯ ನಾದಿನಿ, "ಕಳ್ಳ ಬಂದಾಗ ಕಣ್ಣು ಮುಚ್ಕೊಳ್ಳೋ ಕಾವಲುಗಾರ."

ಅಣ್ಣನ ಹೆಂಡತಿಯೂ ತಂಗಿಯೂ ಒಂದೇ ಕಂಪನಿಯಲ್ಲಿ ಒಂದೇ ಮೇಜಿಗೆ ಕೂತರೆ ಹೇಗಿದ್ದೀತೆಂದು ಮದುವೆಯ ಮಾತುಕತೆಯಲ್ಲಿ ಯಾರೂ ಕೇಳಿರಲಿಲ್ಲ. ಡಿಸ್ಕನ್ನು ನಡೆಸುವ ಪ್ರೋಗ್ರಾಮ್, ಅಂದರೆ ಡ್ರೈವರ್, ನಾದಿನಿಯದು. ಸರ್ವರನ್ನೆಲ್ಲ ನಡೆಸುವ ಮೂಲ ಪ್ರೋಗ್ರಾಮಾದ ಕರ್ನಲ್ ಸತ್ತಾಗ ಮೆಮೊರಿಯಲ್ಲಿದ್ದದ್ದನ್ನು ಡಂಪ್ ಮಾಡಿ ಉಳಿಸುವ ಟೂಲ್ ಅತ್ತಿಗೆಯ ಸುಪರ್ದಿ. ಮ್ಯಾನೇಜರಿಗೆ ಡ್ರೈವರ್ ಮೇಲೇ ಗುಮಾನಿ. ಸಂಜೆಯ ಮೀಟಿಂಗಿಗೆ ಡಂಪ್ ಸಿಗದಿದ್ದರೆ ಡ್ರೈವರನ್ನೇ ಪೂರ್ತಿ ಕಿತ್ತುಹಾಕಿ ಹೊರಗಿನದನ್ನು ತರಿಸುವುದಾಗಿ ಹೇಳಿಬಿಟ್ಟಿದ್ದರು. ನಾದಿನಿ ವರ್ಷಗಟ್ಟಲೆ ಕೂತು ಬರೆದದ್ದು. ನಾಲಗೆ ಹರಿತವಾಗದೆ ಇನ್ನೇನು?

ಬೀಳುವಾಗ ಅದು ಹೇಳುವುದನ್ನೆಲ್ಲ ತನ್ನ ಪರದೆಯಲ್ಲಿ ನೋಡಲು ಅತ್ತಿಗೆ ಒಂದು ಕೇಬಲ್ ತಂದು ಸರ್ವರಿನ ಬೆನ್ನಿಗೆ ಚುಚ್ಚಿದಳು. "ಇನ್ನೊಂದ್ಸಲ ಬೀಳ್ಸು."

"ಅದ್ರಲ್ಲಿ ನಂದು ಎತ್ತಿದ ಕೈ."

ದೊಡ್ಡ ಕರ್ನಲ್ ಸತ್ತ ಕ್ಷಣ, ಅದಕ್ಕೆಂದೇ ಕಾದಿರಿಸಿದ ಚೂರು ಮೆಮೊರಿಯಲ್ಲಿ ಒಂದು ಸಣ್ಣ ಕರ್ನಲ್ ಏಳಬೇಕು. ಸತ್ತವನ ಆಸ್ತಿಯನ್ನೆಲ್ಲ ಡಿಸ್ಕಿಗೆ ಬರೆದಿಡಬೇಕು. ಎದ್ದೇನೋ ಎದ್ದಿತು. ಪರದೆಯ ಮೇಲೆ ಸಾಲುಗಳು ದಡದಡ ಓಡಿದವು. ಆಮೇಲೆ ಮೆಮೊರಿ ಸಾಲದೆಂಬ ಗೋಳು, ಅದರ ಬೆನ್ನಿಗೇ ರೀಬೂಟ್.

"ಹುಟ್ಟಿದ ಕೂಡ್ಲೇ ಅಂಥದ್ದೇನು ನುಂಗ್ತು?" ನಾದಿನಿ ಬಗ್ಗಿ ನೋಡಿದಳು.

ಅತ್ತಿಗೆ ಪರದೆಯಲ್ಲಿ ಮೇಲಕ್ಕೆ ಸರಿದು, ಸಣ್ಣ ಕರ್ನಲ್ಲಿಗೆ ಏಳುವಾಗ ಕೊಟ್ಟ ಸೂಚನೆಗಳ, ಅಂದರೆ ಪ್ಯಾರಾಮೀಟರುಗಳ, ಸಾಲು ಓದಿದಳು. ನಡುವೆ 'ಹ್ಯೂಜ್‌ಪೇಜಸ್' ಕೂತಿತ್ತು. ಡೇಟಾಬೇಸಿಗೆಂದು ಏಳುವಾಗಲೇ ಇಷ್ಟು ಮೆಮೊರಿ ಎತ್ತಿಡು ಎನ್ನುವ ಅಪ್ಪಣೆ, ದೊಡ್ಡದಕ್ಕೆ ಹೇಳಿದ್ದು. ಸಣ್ಣದು ವಿಧೇಯ; ಇದ್ದಬದ್ದದ್ದನ್ನೆಲ್ಲ ಡೇಟಾಬೇಸಿಗೆ ಎತ್ತಿಟ್ಟು, ಉಸಿರಾಡಲು ಜಾಗವಿಲ್ಲದೆ ಸತ್ತಿತ್ತು. ಅಲ್ಲಿ ಡೇಟಾಬೇಸೇ ಇರಲಿಲ್ಲ.

"ಇದು ಇಲ್ಲಿಗೆ ಹೇಗೆ ಬಂತು?" ಎಂದಳು ನಾದಿನಿ.

"ನಾನೇ ಬಿಟ್ಟಿದ್ದು. ದೊಡ್ಡದರ ಸಾಲೇ ಸಣ್ಣದಕ್ಕೂ ಹೋಗುತ್ತೆ, ಬೇಡದ್ದನ್ನ ತೆಗಿಯೋಕೆ ಟೂಲಲ್ಲಿ ಒಂದು ಪಟ್ಟಿ ಇದೆ. ಬೇಕಾದ್ದು ಹೋಗ್ಬಿಟ್ರೆ ಅಂತ ಖಾಲಿ ಮಾಡಿದ್ದೆ."

"ಎರಡು ದಿನದ ಪ್ರಯಾಣಕ್ಕೆ ನಾಲ್ಕು ಸೂಟ್‌ಕೇಸ್ ಕಟ್ತಾಳೆ ಅಂತ ಅಣ್ಣ ಸುಮ್ನೆ ಅನ್ನಲ್ಲ."

"ಅದ್ರಲ್ಲಿ ಎರಡು ನಿಮ್ಮಣ್ಣಂದೇ. ಸುಮ್ಮನಿರು."

ಪಟ್ಟಿಗೆ ಆ ಪದ ಸೇರಿಸಿದಳು. ಪಟ್ಟಿಯನ್ನು ಸೇವ್ ಮಾಡಿದರಷ್ಟೇ ಸಾಲದು; ಕಾದು ಕೂತ ಸಣ್ಣ ಕರ್ನಲನ್ನು ಇಳಿಸಿ, ಹೊಸ ಸಾಲು ಕೊಟ್ಟು ಮತ್ತೆ ಕೂರಿಸಬೇಕು. ಕೂರಿಸಿದಳು. ನಾದಿನಿ ಬೀಳಿಸಿದಳು. ಈ ಸಲ ಗೋಳಿಲ್ಲ. ಡಂಪ್ ಬರೆಯುವ ಶೇಕಡಾವಾರು ಲೆಕ್ಕ ಆರಾಮಾಗಿ ಏರಿ ನೂರು ಮುಟ್ಟಿತು.

ಡಂಪ್ ತೆರೆದರೆ ಸತ್ತ ಜಾಗ ಸ್ಪಷ್ಟವಾಗಿತ್ತು: ನಾದಿನಿಯ ಡ್ರೈವರ್. ಬಳಸಿ ವಾಪಸ್ ಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿತ್ತು.

ಕಷ್ಟಪಟ್ಟು ಸಾಕ್ಷಿ ಎಬ್ಬಿಸಿ ನಾದಿನಿಯ ಮೇಲೇ ಬೆರಳು ತೋರಿಸಿದಂತಾಯಿತಲ್ಲ ಎಂದು ಅತ್ತಿಗೆಗೆ ಪಿಚ್ಚೆನಿಸಿತು. "ಇದನ್ನ... ಅಳಿಸ್ಲಾ?"

"ಅಯ್ಯೋ, ಮುಟ್ಬೇಡಿ!" ನಾದಿನಿ ಆಗಲೇ ತನ್ನ ಕೀಬೋರ್ಡ್ ಎಳೆದುಕೊಂಡಿದ್ದಳು. "ಬರೀ ಗುಮಾನಿಗೆ ಇಡೀ ಡ್ರೈವರ್ ಹೋಗ್ತಿತ್ತು. ಇದಕ್ಕಾದ್ರೆ ಒಂದು ಸಾಲು ತಿದ್ದಿದ್ರೆ ಸಾಕು."

ಬಾಗಿಲಲ್ಲಿ ಮ್ಯಾನೇಜರ್ ಇಣುಕಿದರು. "ತಪ್ಪು ಡ್ರೈವರ್ದೇ ತಾನೇ?"

"ಹೌದು ಸರ್, ನಂದೇ!" ಆ ಸಂಭ್ರಮಕ್ಕೆ ಅವರು ಕಕ್ಕಾಬಿಕ್ಕಿಯಾಗಿ ಅತ್ತಿಗೆಯ ಮುಖ ನೋಡಿದರು. ಅವಳು ಎದ್ದು ತನ್ನ ಕುರ್ಚಿಯನ್ನು ಅವರತ್ತ ತಳ್ಳಿದಳು.

"ಕೂತ್ಕೊಳ್ಳಿ ಸರ್. ತೋರಿಸ್ತಾಳೆ."